36 ವೋಲ್ಟ್, 250 ವ್ಯಾಟ್ ಹಬ್ ಮೋಟರ್ ಕಿಟ್: ಬರೀ ಫ್ರೇಮಿನಿಂದ ಕಟ್ಟಿದ ಸೈಕಲ್, ಎರಡು ಮಳೆಗಾಲದ ನಂತರ

ಸೈಕಲ್ಲಿನ ವಿವರ ಮೊದಲು. ಸ್ಟೀಲಿನ ಬರೀ ಫ್ರೇಮು, ಸಸ್ಪೆನ್ಷನ್ ಇಲ್ಲದ ಸಾದಾ ಫೋರ್ಕು, 26 ಇಂಚಿನ ಚಕ್ರ, ವಿ-ಬ್ರೇಕು. ಹಿಂದಿನ ಚಕ್ರಕ್ಕೆ 36 ವೋಲ್ಟಿನ ಗೇರ್ಡ್ ಹಬ್ ಮೋಟರು, ಅಂದರೆ ಚಕ್ರದ ನಡುವೆಯೇ ಕೂರುವ, ಒಳಗೆ ಗೇರುಗಳಿರುವ ಮೋಟರು. ಕಿಟ್ಟಿನ ಪೆಟ್ಟಿಗೆಯಲ್ಲಿ ಮೋಟರು, ಅದಕ್ಕೆ ಕರೆಂಟ್ ಹಂಚುವ ಕಂಟ್ರೋಲರು, ಥ್ರಾಟಲ್ (ಕೈಯ ಆಕ್ಸಿಲರೇಟರು), ಹಿಡಿದರೆ ಮೋಟರ್ ಕಟ್ ಆಗುವ ಎರಡು ಬ್ರೇಕ್ ಲಿವರು, ಪೆಡಲ್ ತುಳಿದದ್ದನ್ನು ಗುರುತಿಸುವ ಪೆಡಲ್ ಸೆನ್ಸರು, ಎಸ್866 ಡಿಸ್‌ಪ್ಲೇ ಬರುತ್ತವೆ. ಬ್ಯಾಟರಿ ಬೇರೆ ಕೊಳ್ಳಬೇಕು. ಬೆಂಗಳೂರಿನ ರಸ್ತೆಗಳಲ್ಲಿ ಎರಡು ಮಳೆಗಾಲ ಓಡಿದ ಮೇಲೂ ಮೋಟರಿನ ಮೇಲೆ ದೂರಿಲ್ಲ. ಕಾಡಿದ್ದೆಲ್ಲ ಅದರ ಸುತ್ತಲಿನ ನಟ್ಟು, ಕಡ್ಡಿ, ವೈರು. ಇವುಗಳ ಬಗ್ಗೆ ಕಿಟ್ಟಿನ ಜೊತೆ ಬರುವ ಕಾಗದದಲ್ಲಿ ಒಂದು ಸಾಲೂ ಇಲ್ಲ.

ಫ್ರೇಮ್ ಆರಿಸುವಾಗ ನೋಡಬೇಕಾದ ಅಳತೆ ಹಿಂಬದಿಯ ಎರಡು ಕಾಲುಗಳ ನಡುವಿನ ಒಳ ಅಂತರ. ಮೋಟರಿಗೆ 135 ಮಿ.ಮೀ. ಬೇಕು. ಗೇರಿಲ್ಲದ ಫ್ರೇಮುಗಳಲ್ಲಿ ಇದು ಕಡಿಮೆ ಇರುತ್ತದೆ. ಸ್ಟೀಲಾದರೆ ಸ್ವಲ್ಪ ಅಗಲಿಸಬಹುದು, ಅಲ್ಯೂಮಿನಿಯಂ ಆದರೆ ಆ ಸಾಹಸ ಬೇಡ. ಮನೆಯಲ್ಲಿರುವ ಹಳೇ ಕಪ್ಪು ಸೈಕಲ್ಲಿಗೇ ಹಾಕೋಣ ಅನ್ನುವವರಿಗೆ ಒಂದು ಮಾತು: ಅದರ ರಿಮ್ಮಿನಲ್ಲಿ ಮುಂದೆ 32, ಹಿಂದೆ 40 ತೂತು. ಮೋಟರಿನಲ್ಲಿರುವುದು 36. ಎರಡೂ ರಿಮ್ಮು ಕೂರುವುದಿಲ್ಲ. ಸರಳಿನ ಬ್ರೇಕಿಗೆ ಕಿಟ್ಟಿನ ಕೇಬಲ್ ಲಿವರು ಹೊಂದುವುದಿಲ್ಲ. ಕಾಟರ್ ಪಿನ್ನಿನ ಕ್ರ್ಯಾಂಕು ಬಿಚ್ಚದೆ ಪೆಡಲ್ ಸೆನ್ಸರಿನ ಡಿಸ್ಕು ಒಳಗೆ ಹೋಗುವುದಿಲ್ಲ. ಎರಡು ಹೋಳಾಗಿ ಬಿಚ್ಚಿಕೊಳ್ಳುವ ಡಿಸ್ಕನ್ನೇ ಹುಡುಕಬೇಕು.

ಇನ್ನು ಆಕ್ಸಲ್. ಸಾದಾ ಸೈಕಲ್ಲಿನಲ್ಲಿ ನಟ್ಟು ಸ್ವಲ್ಪ ಸಡಿಲವಾದರೆ ಚಕ್ರ ಓರೆಯಾಗುತ್ತದೆ, ಅಷ್ಟೇ. ಹಬ್ ಮೋಟರಿನಲ್ಲಿ ಹಾಗಲ್ಲ. ಮೋಟರು ಚಕ್ರವನ್ನು ಮುಂದಕ್ಕೆ ತಳ್ಳಿದಷ್ಟೇ ಬಲದಿಂದ ಆಕ್ಸಲ್ಲು ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಫ್ರೇಮಿನ ಕಚ್ಚಿನಲ್ಲಿ ಕೂತಿರುವ, ಆಕ್ಸಲ್ಲಿನ 10 ಮಿ.ಮೀ. ಅಂತರದ ಎರಡು ಚಪ್ಪಟೆ ಮುಖ ಮಾತ್ರ. ಆಕ್ಸಲ್ಲು ಒಮ್ಮೆ ತಿರುಗಿತೆಂದರೆ ಅದರೊಳಗಿಂದ ಬರುವ ವೈರು ಹುರಿಗೊಂಡು ಹರಿಯುತ್ತದೆ, ದಪ್ಪ ವೈರು ಸಣ್ಣ ಸೆನ್ಸರ್ ವೈರಿಗೆ ತಗುಲಿ ಕಂಟ್ರೋಲರೂ ಸುಡುತ್ತದೆ. ಹೀಗಾಗಿ ಟಾರ್ಕ್ ಆರ್ಮ್ (ಆಕ್ಸಲ್ಲು ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಪಟ್ಟಿ) ಇಲ್ಲದೆ ಥ್ರಾಟಲ್ ಮುಟ್ಟಬೇಡಿ. ಕಿಟ್ಟಿನಲ್ಲಿ ಬರುವುದು ಬಾಗುವ ತಗಡು. ಲೇತ್ ಅಂಗಡಿಯಲ್ಲಿ 6 ಮಿ.ಮೀ. ಸ್ಟೀಲ್ ಪಟ್ಟಿಯಲ್ಲಿ ಕಚ್ಚು ಕೊಯ್ಸಿದರೆ ಒಳ್ಳೆಯದು. ಕಚ್ಚು ಆಕ್ಸಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಮಾತ್ರ ಕೂರುವಷ್ಟು ಬಿಗಿಯಿರಬೇಕು. ಕೈಯಲ್ಲೇ ಸಲೀಸಾಗಿ ಜಾರಿದರೆ ಆ ಪಟ್ಟಿ ವಾಪಸ್ ಕೊಡಿ. ಇನ್ನೊಂದು ತುದಿಯನ್ನು ಫ್ರೇಮಿನ ಕೆಳಗಾಲಿಗೆ ಎರಡು ಹೋಸ್ ಕ್ಲಿಪ್ಪಿನಿಂದ ಬಿಗಿಯಬೇಕು.

ಹೊಸ ಫ್ರೇಮಿನ ಕಚ್ಚಿನೊಳಗೂ ಪೇಂಟ್ ಇರುತ್ತದೆ, ಆಕ್ಸಲ್ಲು ತಳದವರೆಗೆ ಇಳಿಯುವುದಿಲ್ಲ. ಅರ ಹಾಕಿ ಪೇಂಟನ್ನು ಪೂರ್ತಿ ತೆಗೆಯಿರಿ, ಎಡಬಲ ಸಮನಾಗಿ. ಒಂದು ಕಡೆ ಜಾಸ್ತಿ ಉಜ್ಜಿದರೆ ಚಕ್ರ ಓರೆ ನಿಲ್ಲುತ್ತದೆ. ನಟ್ಟಿಗೆ 40 ನ್ಯೂಟನ್ ಮೀಟರ್ ಬಿಗಿ ಸಾಕು. ಮೊದಲ 50 ಕಿ.ಮೀ. ಆದಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಅಷ್ಟರಲ್ಲಿ ನಟ್ಟಿನ ಕೆಳಗೆ ಉಳಿದ ಪೇಂಟು ಕುಗ್ಗಿ ನಟ್ಟು ಕಾಲು ಸುತ್ತಾದರೂ ಸಡಿಲವಾಗಿರುತ್ತದೆ.

ಕಡ್ಡಿಗಳ ವಿಷಯದಲ್ಲಿ ಕಿಟ್ ಮಾರುವವರೂ ಅನೇಕ ಮೆಕ್ಯಾನಿಕ್‌ಗಳೂ ಒಂದೇ ತಪ್ಪು ಮಾಡುತ್ತಾರೆ: ಮೋಟರ್ ಭಾರ, ಆದ್ದರಿಂದ ಕಡ್ಡಿಯೂ ದಪ್ಪ ಇರಲಿ ಅಂತ 12 ಗೇಜ್ ಹಾಕುತ್ತಾರೆ. 12 ಗೇಜ್ ಅಂದರೆ 2.6 ಮಿ.ಮೀ. ಸಾದಾ ರಿಮ್ಮು ತಡೆಯುವ ಬಿಗಿಯಲ್ಲಿ ಅಷ್ಟು ದಪ್ಪದ ಕಡ್ಡಿ ಎಳೆದುಕೊಳ್ಳುವುದೇ ಇಲ್ಲ. ಗುಂಡಿಗೆ ಬಿದ್ದಾಗ ಕೆಳಗಿನ ಕಡ್ಡಿ ಪೂರ್ತಿ ಸಡಿಲವಾಗಿ, ನಿಪ್ಪಲ್ ತಾನೇ ತಿರುಗುತ್ತದೆ, ಚಕ್ರ ಬೆಂಡ್ ಬರುತ್ತದೆ. 2 ಮಿ.ಮೀ.ನ 14 ಗೇಜ್ ಒಳ್ಳೆ ಕಡ್ಡಿಯೇ ಬಾಳಿಕೆ ಬರುವುದು. ಆದರೆ ಮೋಟರಿನ ತೂತು ದೊಡ್ಡದು, ತೆಳು ಕಡ್ಡಿ ಅದರಲ್ಲಿ ಆಡಿ ಮೊಣಕೈಯಲ್ಲೇ ಮುರಿಯುತ್ತದೆ. ಅದಕ್ಕೆ ಪ್ರತಿ ಕಡ್ಡಿಯ ತಲೆಗೆ ಒಂದು ಸಣ್ಣ ಹಿತ್ತಾಳೆ ವಾಷರ್, ಒಟ್ಟು 36. ಇನ್ನು ಹೆಣಿಗೆ: ಸಾದಾ ಚಕ್ರದ ಹಾಗೆ ಮೂರು ಕ್ರಾಸ್ (ಒಂದು ಕಡ್ಡಿ ಬೇರೆ ಮೂರು ಕಡ್ಡಿಗಳನ್ನು ದಾಟುವಂತೆ) ಹೆಣೆದರೆ ಕಡ್ಡಿ ರಿಮ್ಮಿಗೆ ತೀರಾ ಓರೆಯಾಗಿ ಸೇರಿ ನಿಪ್ಪಲಿನ ಬಳಿ ಬಾಗುತ್ತದೆ. ಮೋಟರಿನ ಸುತ್ತಳತೆ ದೊಡ್ಡದಾದ್ದರಿಂದ ಒಂದೇ ಕ್ರಾಸ್ ಸಾಕು. ಕಟ್ಟಿಸಿಕೊಂಡೇ ಬಂದ ಚಕ್ರ ಕೊಂಡವರು ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಚುಕಿ ನೋಡಿ. ಒಂದು ಬಿಗಿ ಒಂದು ಸಡಿಲ ಇದ್ದರೆ ಓಡಿಸುವ ಮೊದಲೇ ಬೆಂಡ್ ತೆಗೆಸಿ.

ಬ್ಯಾಟರಿಗೆ ಉಳಿದೆಲ್ಲದಕ್ಕಿಂತ ಹೆಚ್ಚು ದುಡ್ಡು ಹೋದರೂ ಸರಿ. ಅಗ್ಗವೆಂದು ಯು.ಪಿ.ಎಸ್.ನ 12 ವೋಲ್ಟ್ 7 ಎ.ಎಚ್. (ಆಂಪಿಯರ್-ಅವರ್) ಲೆಡ್ ಆಸಿಡ್ ಮೂರು ಕಟ್ಟುವವರಿದ್ದಾರೆ. ಆ 7 ಎ.ಎಚ್. ಎಂಬುದು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. ಕಂಟ್ರೋಲರು 15 ಆಂಪ್ ಎಳೆದಾಗ ಅದರ ಅರ್ಧ ಸಿಕ್ಕರೆ ಪುಣ್ಯ. ಜೊತೆಗೆ ಆರೇಳು ಕಿಲೋ ಭಾರ. ಈ ಸೈಕಲ್ಲಿನಲ್ಲಿರುವುದು 18650 ಎಂಬ ಅಳತೆಯ ಲಿಥಿಯಂ ಸೆಲ್ಲುಗಳ ಪ್ಯಾಕ್: 2600 ಎಂ.ಎ.ಎಚ್.ನ 40 ಸೆಲ್, ಹತ್ತು ಸಾಲು, ಸಾಲಿಗೆ ನಾಲ್ಕು. ಒಟ್ಟು 10.4 ಎ.ಎಚ್., ಅಂದರೆ 374 ವ್ಯಾಟ್-ಅವರ್. ಬರೀ ಥ್ರಾಟಲಿನಲ್ಲಿ ಕಿಲೋಮೀಟರಿಗೆ 12-14 ವ್ಯಾಟ್-ಅವರ್ ತಿನ್ನುತ್ತದೆ, 27ರಿಂದ 30 ಕಿ.ಮೀ. ಬರುತ್ತದೆ. ಜೊತೆಗೆ ಪೆಡಲ್ ತುಳಿದರೆ 40 ದಾಟುತ್ತದೆ. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕರೆಂಟೂ ಬೇಡ.

ಪೂರ್ತಿ ತುಂಬಿದಾಗ 42 ವೋಲ್ಟ್. ದಿನಾ ಅಲ್ಲಿವರೆಗೆ ತುಂಬುವುದಕ್ಕಿಂತ 41ಕ್ಕೆ ನಿಲ್ಲಿಸಿದರೆ ಸೆಲ್ಲುಗಳಿಗೆ ಆಯಸ್ಸು ಜಾಸ್ತಿ. ತಿಂಗಳಿಗೊಮ್ಮೆ ಮಾತ್ರ ತುದಿವರೆಗೆ ಬಿಡಿ, ಸಾಲುಗಳನ್ನು ಬಿ.ಎಂ.ಎಸ್. (ಪ್ಯಾಕಿನೊಳಗೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಸಮ ಮಾಡುವುದು ಆಗಲೇ. ವಾರಗಟ್ಟಲೆ ಓಡಿಸದಿದ್ದರೆ 37-38 ವೋಲ್ಟಿನಲ್ಲಿ ಇಡಿ. ಬಿಸಿಲಲ್ಲಿ ನಿಂತಿದ್ದ ಸೈಕಲ್ಲನ್ನು ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಮನೆಯಿಂದ ಹೊರಗೆ ಹೋಗುವ ಬಾಗಿಲ ಬಳಿಯೂ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ದಾರಿ ಅಲ್ಲೇ ಮುಚ್ಚುತ್ತದೆ.

ಮಳೆಯಲ್ಲಿ ಮೋಟರು ಕೆಡಲಿಲ್ಲ, ಕನೆಕ್ಟರು ಕೆಟ್ಟವು. ಗುರುತು ಹೀಗೆ: ಹೊರಡುವಾಗ ಕಟಕಟ ಸದ್ದು, ಸೈಕಲ್ ನಡುಗುತ್ತದೆ, ಒಂದೆರಡು ಹೆಜ್ಜೆ ತುಳಿದರೆ ಸರಿಯಾಗುತ್ತದೆ. ಮೋಟರು ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸುವ ಮೂರು ಹಾಲ್ ಸೆನ್ಸರುಗಳಲ್ಲಿ ಒಂದರ ಸಿಗ್ನಲ್ ನೀರಿನಿಂದ ತಪ್ಪಿದೆ ಎಂದರ್ಥ. ಮಲ್ಟಿಮೀಟರನ್ನು ಕಪ್ಪು ವೈರಿಗೂ ಹಳದಿ, ಹಸಿರು, ನೀಲಿ ಸಣ್ಣ ವೈರುಗಳಿಗೂ ಒಂದೊಂದಾಗಿ ಹಿಡಿದು ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ. 0 ಮತ್ತು 5 ವೋಲ್ಟ್ ನಡುವೆ ಜಿಗಿಯದ ವೈರೇ ಕಳ್ಳ. ಮುಂದಕ್ಕೆ ತಿರುಗಿಸಿದರೆ ಒಳಗಿನ ಫ್ರೀವೀಲ್ ಜಾರಿ ಏನೂ ತೋರಿಸುವುದಿಲ್ಲ. ಕನೆಕ್ಟರಿಗೆ ಸಿಲಿಕಾನ್ ಗ್ರೀಸು ತುಂಬಿ, ವೈರನ್ನು ಆಕ್ಸಲ್ಲಿಗಿಂತ ಕೆಳಗೆ ಒಮ್ಮೆ ಜೋಲಿಸಿ ಮೇಲಕ್ಕೆ ತನ್ನಿ. ನೀರು ಆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ. ವಾಟರ್ ಸರ್ವಿಸ್‌ನವರ ಪೈಪಿನ ಮುಂದೆ ಈ ಸೈಕಲ್ ನಿಲ್ಲಿಸಲೇಬಾರದು.

ಏರಿನ ಬಗ್ಗೆ ಜಾಹೀರಾತು ನಂಬಬೇಡಿ. ಸವಾರನೂ ಸೈಕಲ್ಲೂ ಸೇರಿ 100 ಕಿಲೋ ಅಂದುಕೊಳ್ಳಿ. ನೂರಕ್ಕೆ ಹತ್ತರ ಏರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೇ 270 ವ್ಯಾಟ್ ಬೇಕು. ಅಷ್ಟು ನಿಧಾನದಲ್ಲಿ ಮೋಟರು ಎಳೆದ ಕರೆಂಟಿನ ದೊಡ್ಡ ಪಾಲು ಬಿಸಿಯಾಗಿಯೇ ಹೋಗುತ್ತದೆ, ಒಳಗಿನ ನೈಲಾನ್ ಗೇರುಗಳು ಮೆತ್ತಗಾಗುತ್ತವೆ. ಫ್ಲೈಓವರ್ ಏರಿಗೆ ತೊಂದರೆಯಿಲ್ಲ. ಮಲೆನಾಡಿನವರು, ಘಟ್ಟದ ದಾರಿಯವರು ಪೆಡಲಿನ ಬುಡಕ್ಕೆ ಕೂರುವ ಮಿಡ್ ಡ್ರೈವ್ ನೋಡಿ. ಅದು ಸೈಕಲ್ಲಿನ ಗೇರುಗಳನ್ನೇ ಬಳಸಿಕೊಳ್ಳುತ್ತದೆ.

ಕಾನೂನಿನಲ್ಲಿ 30 ನಿಮಿಷದ ಶಕ್ತಿ (ಮೋಟರು ಅರ್ಧ ಗಂಟೆ ಬಿಡದೆ ಕೊಡಬಲ್ಲದ್ದು) 250 ವ್ಯಾಟಿಗಿಂತ ಕಡಿಮೆ, ವೇಗ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗಿದ್ದರೆ ನೋಂದಣಿ ಬೇಡ. ಡಿಸ್‌ಪ್ಲೇಯ ಸೆಟ್ಟಿಂಗುಗಳಲ್ಲಿ ಪಿ06ಕ್ಕೆ ಚಕ್ರದ ಅಳತೆ 26 ಎಂದೂ ಪಿ08ಕ್ಕೆ ವೇಗದ ಮಿತಿಯನ್ನೂ ಕೊಡಿ. ಪಿ06 ತಪ್ಪಿದ್ದರೆ ಮಿತಿಯೂ ತಪ್ಪುತ್ತದೆ. 80 ಸಿ.ಸಿ. ಎಂದು ಮಾರುವ ಪೆಟ್ರೋಲ್ ಕಿಟ್ಟುಗಳಿಗೆ (ಅಳೆದರೆ 66 ಸಿ.ಸಿ. ಮಾತ್ರ) ಈ ವಿನಾಯಿತಿ ಇಲ್ಲ, 25 ಸಿ.ಸಿ. ದಾಟಿದ ಎಂಜಿನ್ ಕೂರಿಸಿದರೆ ಅದು ಮೋಟಾರು ವಾಹನವೇ.

ಈಚೆಗೆ ಮೋಟರಿನ ಪಕ್ಕದ ಮುಚ್ಚಳ ಬಿಚ್ಚಿ ನೋಡಿದಾಗ ನೈಲಾನ್ ಹಲ್ಲುಗಳು ಸವೆದಿರಲಿಲ್ಲ, ಗ್ರೀಸು ಮಾತ್ರ ಒಣಗಿ ಅಂಚಿಗೆ ಸರಿದಿತ್ತು. ಹಳೆಯದನ್ನು ಒರೆಸಿ, ಹಲ್ಲುಗಳಿಗೆ ಬಿಳಿ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿದ ಮೇಲೆ ಕಿರ್ರೆನ್ನುವ ಸದ್ದು ನಿಂತಿತು. ತುಂಬಿ ತುಳುಕುವಷ್ಟು ಹಾಕಬೇಡಿ. ಬಿಸಿಗೆ ಕರಗಿ ಸುರುಳಿಗಳ ಮೇಲೆ ಹರಿಯುತ್ತದೆ.