ಯೂನಿಯನ್ ಚುನಾವಣೆ ತಕರಾರಿಗೆ ಅಮೆರಿಕದ ಸರ್ಕಾರಿ ದೂರು ವ್ಯವಸ್ಥೆ: ಶುಲ್ಕವಿಲ್ಲ, ಗಡುವು ಮಾತ್ರ ಕಟ್ಟುನಿಟ್ಟು

ಅಮೆರಿಕದಲ್ಲಿ ಯೂನಿಯನ್ ಪದಾಧಿಕಾರಿಗಳ ಚುನಾವಣೆಯಲ್ಲಿ ಅಕ್ರಮ ನಡೆದಿದೆ ಎನ್ನುವ ಸದಸ್ಯ ಫಲಿತಾಂಶವನ್ನು ತಾನೇ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. 1959ರ ಲೇಬರ್-ಮ್ಯಾನೇಜ್‌ಮೆಂಟ್ ರಿಪೋರ್ಟಿಂಗ್ ಅಂಡ್ ಡಿಸ್‌ಕ್ಲೋಷರ್ ಕಾಯ್ದೆ ಆ ಕೆಲಸವನ್ನು ಕಾರ್ಮಿಕ ಇಲಾಖೆಗೆ ವಹಿಸಿದೆ. ಇಲಾಖೆಯೊಳಗೆ ಅದನ್ನು ನೋಡಿಕೊಳ್ಳುವುದು ಆಫೀಸ್ ಆಫ್ ಲೇಬರ್-ಮ್ಯಾನೇಜ್‌ಮೆಂಟ್ ಸ್ಟ್ಯಾಂಡರ್ಡ್ಸ್, ಅಂದರೆ ಒಎಲ್‌ಎಂಎಸ್. ದೂರು ಕೊಡಲು ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ತನಿಖೆಯೂ ಮೊಕದ್ದಮೆಯೂ ಸರ್ಕಾರದ ಖರ್ಚಿನಲ್ಲೇ. ಎಣಿಕೆ ಮುಗಿದ ಮೇಲೆ ಇದು ಗಟ್ಟಿ ವ್ಯವಸ್ಥೆ. ಅದಕ್ಕೆ ಮುಂಚೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಇನ್ನೂ ಒಂದು ವಿಷಯವಿದೆ: ಇಲ್ಲಿ ಗೆಲುವು ಸೋಲು ಬಹುಪಾಲು ನಿರ್ಧಾರವಾಗುವುದು ಇಲಾಖೆಗೆ ಬರೆದ ದೂರಿನಲ್ಲಲ್ಲ, ಅದಕ್ಕೂ ತಿಂಗಳುಗಳ ಮುಂಚೆ ಸ್ವಂತ ಯೂನಿಯನ್‌ಗೆ ಬರೆದ ತಕರಾರು ಪತ್ರದಲ್ಲಿ.

ಮೊದಲು ಸರಿಯಾದ ಬಾಗಿಲು ಯಾವುದೆಂದು ನೋಡಿಕೊಳ್ಳಬೇಕು. ಒಂದು ಕಂಪನಿಯ ನೌಕರರಿಗೆ ಯೂನಿಯನ್ ಬೇಕೋ ಬೇಡವೋ ಎಂಬ ಮತದಾನ ಬೇರೆ. ಅದು ನ್ಯಾಷನಲ್ ಲೇಬರ್ ರಿಲೇಷನ್ಸ್ ಬೋರ್ಡಿನ ವ್ಯಾಪ್ತಿ, ಅಲ್ಲಿ ಎಣಿಕೆಯ ಲೆಕ್ಕ ಸಿದ್ಧವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಿಗುವುದು 5 ಕೆಲಸದ ದಿನ. ಒಎಲ್‌ಎಂಎಸ್ ನೋಡುವುದು ಯೂನಿಯನ್ ತನ್ನ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮುಂತಾದವರನ್ನು ಆರಿಸುವ ನಿಯಮಿತ ಚುನಾವಣೆಯನ್ನು. ಅವಧಿಯ ನಡುವೆ ಖಾಲಿಯಾದ ಸ್ಥಾನ ತುಂಬುವ ಚುನಾವಣೆ ಇದರಡಿ ಬರುವುದಿಲ್ಲ. ಸದಸ್ಯರೆಲ್ಲರೂ ರಾಜ್ಯ ಅಥವಾ ಸ್ಥಳೀಯ ಸರ್ಕಾರದ ನೌಕರರೇ ಆಗಿರುವ ಯೂನಿಯನ್‌ಗಳೂ ಬರುವುದಿಲ್ಲ. ಶಿಕ್ಷಕರ, ಪೊಲೀಸರ ಎಷ್ಟೋ ಸಂಘಗಳ ಸದಸ್ಯರಿಗೆ ಇದು ಗೊತ್ತಾಗುವುದು ದೂರು ತಿರಸ್ಕೃತವಾದ ಮೇಲೆ.

ಈಗ ಗಡುವು. ಯೂನಿಯನ್‌ನ ಸಂವಿಧಾನ, ಬೈಲಾಗಳಲ್ಲಿ ಹೇಳಿದ ತಕರಾರು ಮತ್ತು ಮೇಲ್ಮನವಿಯ ಮೆಟ್ಟಿಲುಗಳನ್ನು ಮೊದಲು ಹತ್ತಲೇಬೇಕು. ಯೂನಿಯನ್‌ನ ಕೊನೆಯ ತೀರ್ಪು ತಕರಾರು ಸಲ್ಲಿಸಿದ 3 ತಿಂಗಳೊಳಗೆ ಬಂದರೆ, ಬಂದ ದಿನದಿಂದ 1 ತಿಂಗಳೊಳಗೆ ಇಲಾಖೆಗೆ ದೂರು ಹೋಗಬೇಕು. 3 ತಿಂಗಳಾದರೂ ತೀರ್ಪು ಬಾರದಿದ್ದರೆ ಮುಂದಿನ 1 ತಿಂಗಳಲ್ಲಿ ದೂರು ಕೊಡಬಹುದು, ಇಲ್ಲವೇ ಕೊನೆಯ ತೀರ್ಪಿಗೆ ಕಾದು ಅದಾದ 1 ತಿಂಗಳಲ್ಲಿ ಕೊಡಬಹುದು. ಇವು ಕ್ಯಾಲೆಂಡರ್ ತಿಂಗಳುಗಳು. ಜನ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಲೋಕಲ್‌ನ, ಅಂದರೆ ಯೂನಿಯನ್‌ನ ಸ್ಥಳೀಯ ಘಟಕದ, ಚುನಾವಣಾ ಸಮಿತಿ ತಕರಾರನ್ನು ತಳ್ಳಿಹಾಕಿದ ಕೂಡಲೇ ಇಲಾಖೆಗೆ ಓಡುತ್ತಾರೆ, ಆದರೆ ಸಂವಿಧಾನದ ಪ್ರಕಾರ ಮೇಲಿನ ಮಂಡಳಿಗೆ ಮೇಲ್ಮನವಿ ಇನ್ನೂ ಬಾಕಿ ಇರುತ್ತದೆ. ಅಥವಾ ಬಾಯಿಮಾತಿನಲ್ಲಿ ಆಕ್ಷೇಪಿಸಿ ಸುಮ್ಮನಾಗುತ್ತಾರೆ, ಲಿಖಿತ ತಕರಾರಿಗೆ ಬೈಲಾ ಕೊಟ್ಟಿದ್ದ ದಿನಗಳು ಅಷ್ಟರಲ್ಲಿ ಮುಗಿದಿರುತ್ತವೆ. ಚುನಾವಣೆ ಘೋಷಣೆಯಾದ ದಿನವೇ ಬೈಲಾದ ಆ ಪುಟ ತೆಗೆದು ದಿನಾಂಕಗಳನ್ನು ಗುರುತು ಹಾಕಿಕೊಳ್ಳುವುದು ಲೇಸು.

ಆ ತಕರಾರು ಪತ್ರ ಯಾಕೆ ಅಷ್ಟು ಮುಖ್ಯ? 1971ರಲ್ಲಿ ಉಕ್ಕು ಕಾರ್ಮಿಕರ ಯೂನಿಯನ್ ಸ್ಟೀಲ್‌ವರ್ಕರ್ಸ್‌ನ ಲೋಕಲ್ 6799ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸದಸ್ಯನಿಗೆ ಗೊತ್ತಿದ್ದೂ ಯೂನಿಯನ್ ಮುಂದೆ ಎತ್ತದ ಲೋಪವನ್ನು ಇಲಾಖೆ ಆಮೇಲೆ ಕೋರ್ಟಿನಲ್ಲಿ ಎತ್ತುವಂತಿಲ್ಲ. ಹುದ್ದೆಗೆ ನಿಲ್ಲಲು ಇಂತಿಷ್ಟು ಸಭೆಗಳಿಗೆ ಹಾಜರಾಗಿರಬೇಕೆಂಬ ನಿಯಮದ ಪ್ರಶ್ನೆ ಅಲ್ಲಿ ಹಾಗೇ ಬಿದ್ದುಹೋಯಿತು. ಅಂಥದೇ ನಿಯಮ ಅದೇ ಯೂನಿಯನ್‌ನ ಲೋಕಲ್ 3489ರ ಪ್ರಕರಣದಲ್ಲಿ 1977ರಲ್ಲಿ ರದ್ದಾಯಿತು. ಆ ಲೋಕಲ್‌ನಲ್ಲಿ ನಿಯಮದಿಂದಾಗಿ ಶೇ 96.5ರಷ್ಟು ಸದಸ್ಯರು ಸ್ಪರ್ಧಿಸಲು ಅನರ್ಹರಾಗಿದ್ದರು. ಆದ್ದರಿಂದ "ಚುನಾವಣೆ ನ್ಯಾಯವಾಗಿ ನಡೆಯಲಿಲ್ಲ" ಎಂದಷ್ಟೇ ಬರೆದ ಪತ್ರ ರದ್ದಿ ಕಾಗದ. ಪ್ರತಿ ಘಟನೆಗೂ ಬೇರೆ ಕಲಂ ಬೇಕು: ಏನಾಯಿತು, ಯಾವ ದಿನ, ಎಲ್ಲಿ, ಯಾರು ಮಾಡಿದರು, ಯಾರು ನೋಡಿದರು, ಕಾಯ್ದೆಯ ಅಥವಾ ಬೈಲಾದ ಯಾವ ನಿಯಮ ಮುರಿಯಿತು. ಸಣ್ಣದೆನಿಸಿದ್ದನ್ನೂ ಬಿಡಬಾರದು, ಯಾಕೆಂದರೆ ಆಮೇಲೆ ಸೇರಿಸಲು ಅವಕಾಶ ಸಿಗದಿರಬಹುದು.

ಲೋಪ ಸಾಬೀತಾದರಷ್ಟೇ ಸಾಲದು, ಅದು ಫಲಿತಾಂಶದ ಮೇಲೆ ಪರಿಣಾಮ ಬೀರಿರಬಹುದು ಎನ್ನುವಂತಿರಬೇಕು. ಇಲ್ಲಿ ಗಣಿತವೇ ಮಾತನಾಡುತ್ತದೆ. ಗೆಲುವಿನ ಅಂತರ 40 ಮತ, ಅನರ್ಹರು ಹಾಕಿದ್ದು 25 ಮತ ಎಂದಿಟ್ಟುಕೊಳ್ಳಿ. ಆ 25ನ್ನು ಪೂರ್ತಿ ಗೆದ್ದವರ ಲೆಕ್ಕದಿಂದ ಕಳೆದರೂ ಫಲಿತಾಂಶ ಬದಲಾಗದು, ದೂರು ಅಲ್ಲಿಗೇ ನಿಲ್ಲುತ್ತದೆ. ಅದೇ ಹಳೆಯ ವಿಳಾಸಗಳಿಂದಾಗಿ 60 ಜನರಿಗೆ ಬ್ಯಾಲೆಟ್ ತಲುಪದಿದ್ದರೆ ಲೆಕ್ಕವೇ ಬೇರೆ. ಯೂನಿಯನ್ ಹಣದಲ್ಲಿ ಅಚ್ಚಾದ ಪತ್ರಿಕೆ ಒಬ್ಬ ಅಭ್ಯರ್ಥಿಯನ್ನು ಹೊಗಳಿ ಎಲ್ಲ ಸದಸ್ಯರ ಮನೆಗೂ ಹೋಗಿದ್ದರೆ ಎಷ್ಟು ಮತ ತಿರುಗಿತೆಂದು ಯಾರೂ ಎಣಿಸಲಾರರು. ಹೋಟೆಲ್ ನೌಕರರ ಲೋಕಲ್ 6ರ 1968ರ ತೀರ್ಪಿನ ಪ್ರಕಾರ, ಲೋಪ ಸಾಬೀತಾದರೆ ಪರಿಣಾಮ ಆಗಿರಬಹುದೆಂದು ಮೇಲ್ನೋಟಕ್ಕೆ ಒಪ್ಪಿ, ಆಗಿಲ್ಲ ಎಂದು ತೋರಿಸುವ ಹೊಣೆಯನ್ನು ಯೂನಿಯನ್ ಮೇಲೆ ಹೊರಿಸಲಾಗುತ್ತದೆ. ಬಿಡಿ ಮತಗಳ ತಕರಾರಿಗಿಂತ ಯೂನಿಯನ್ ಅಥವಾ ಮಾಲೀಕರ ಹಣ, ಸಂಬಳದ ಸಮಯ, ಕಚೇರಿಯ ಮುದ್ರಣಯಂತ್ರ, ಇಮೇಲ್ ಪಟ್ಟಿ ಪ್ರಚಾರಕ್ಕೆ ಬಳಕೆಯಾದ ತಕರಾರು ಹೆಚ್ಚು ತೂಗುವುದು ಇದಕ್ಕೇ.

ಅಂಚೆ ಮತದಾನದಲ್ಲಿ ಕೆಡುವ ಜಾಗಗಳು ಬಹುತೇಕ ಗೊತ್ತಿರುವವೇ. ಎರಡು ಲಕೋಟೆ ಇರಬೇಕು: ಒಳಗಿನದರಲ್ಲಿ ಗುರುತಿಲ್ಲದ ಬ್ಯಾಲೆಟ್, ಹೊರಗಿನದರ ಮೇಲೆ ಸದಸ್ಯನ ಹೆಸರು. ಬ್ಯಾಲೆಟ್ ಮೇಲೆ ಕ್ರಮಸಂಖ್ಯೆ ಬಿದ್ದು ಅದು ಪಟ್ಟಿಗೆ ಹೊಂದುವಂತಿದ್ದರೆ ಗೌಪ್ಯತೆ ಹೋಯಿತು. ಬದಲಿ ಬ್ಯಾಲೆಟ್ ಕೇಳಿದವರ ಮೊದಲ ಬ್ಯಾಲೆಟ್ ತೆಗೆದಿಡದಿದ್ದರೆ ಒಬ್ಬರದೇ ಎರಡು ಮತ ಎಣಿಕೆಗೆ ಸೇರುತ್ತವೆ. ಅಂಚೆಪೆಟ್ಟಿಗೆಯ ಕೀಲಿ ಒಂದೇ ಗುಂಪಿನವರ ಕೈಯಲ್ಲಿದ್ದರಂತೂ ಏನೂ ನಡೆಯದಿದ್ದರೂ ಅನುಮಾನ ಉಳಿಯುತ್ತದೆ. ಪ್ರತಿ ಅಭ್ಯರ್ಥಿಗೂ ಏಜೆಂಟ್ ಇಡುವ ಹಕ್ಕಿದೆ. ಎಣಿಕೆ ಮೇಜಿನ ಬಳಿ ಮಾತ್ರ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ಬ್ಯಾಲೆಟ್ ಅಂಚೆಗೆ ಹಾಕುವಾಗಲೂ ಅಂಚೆ ಕಚೇರಿಯಿಂದ ತರುವಾಗಲೂ ಅವರು ಇರಬೇಕು, ವೇಳೆ ಸಮೇತ ಬರೆದಿಟ್ಟುಕೊಳ್ಳಬೇಕು. ಚುನಾವಣೆಯ ನೋಟಿಸನ್ನು ಕನಿಷ್ಠ 15 ದಿನ ಮುಂಚೆ ಸದಸ್ಯರ ಮನೆ ವಿಳಾಸಕ್ಕೆ ಕಳಿಸಬೇಕು, ಬ್ಯಾಲೆಟ್ ಸಹಿತ ಎಲ್ಲ ದಾಖಲೆಯನ್ನು 1 ವರ್ಷ ಇಟ್ಟುಕೊಳ್ಳಬೇಕು. ದಾಖಲೆ ಎಸೆದಿದ್ದರೆ ಅದೇ ಒಂದು ಲೋಪ.

ಇನ್ನು ಈ ವ್ಯವಸ್ಥೆಯ ದೊಡ್ಡ ಕೊರತೆ. ಮತದಾನಕ್ಕೆ ಮುಂಚೆ ಇಲಾಖೆ ಸಾಮಾನ್ಯವಾಗಿ ತನಿಖೆಗೆ ಇಳಿಯುವುದಿಲ್ಲ. 1969ರ ಗಣಿ ಕಾರ್ಮಿಕರ ಯೂನಿಯನ್ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಟೋನಿ ಬಾಯ್ಲ್ ಎದುರು ನಿಂತ ಜೋಸೆಫ್ ಯಾಬ್ಲಾನ್‌ಸ್ಕಿ ಮುಂಚೆಯೇ ತನಿಖೆ ಕೋರಿದ್ದರು. ಅದು ಸಿಗಲಿಲ್ಲ. ಅವರು ಸೋತರು, ಆ ವರ್ಷದ ಡಿಸೆಂಬರ್ 31ರಂದು ಹೆಂಡತಿ, ಮಗಳ ಜೊತೆ ಕೊಲೆಯಾದರು. ಆ ಕೊಲೆಗಳಿಗಾಗಿ ಬಾಯ್ಲ್‌ಗೆ ಆಮೇಲೆ ಶಿಕ್ಷೆಯಾಯಿತು. ಚುನಾವಣೆ ರದ್ದಾಗಿದ್ದು 1972ರಲ್ಲಿ. ಮತದಾನಕ್ಕೆ ಮುಂಚೆ ಅಭ್ಯರ್ಥಿಯೇ ಕೋರ್ಟಿಗೆ ಹೋಗಬಹುದಾದ ಮುಖ್ಯ ವಿಷಯ ಪ್ರಚಾರ ಪತ್ರದ್ದು: ಅಭ್ಯರ್ಥಿ ತನ್ನ ಖರ್ಚಿನಲ್ಲಿ ಸದಸ್ಯರಿಗೆ ಪತ್ರ ಹಂಚಿಸಿಕೊಡಿ ಎಂದು ಕೇಳಿದರೆ, ಕೋರಿಕೆ ಯುಕ್ತವಾಗಿದ್ದರೆ, ಯೂನಿಯನ್ ಒಪ್ಪಲೇಬೇಕು. ಇಷ್ಟು ವರ್ಷವಾದರೂ ಈ ಒಂದು ಕಿಟಕಿಯನ್ನು ಅಗಲ ಮಾಡಿಲ್ಲ ಎನ್ನುವುದೇ ಸೋಜಿಗ.

ಎರಡನೆಯ ಕೊರತೆ ನಿಧಾನ. ದೂರು ಬಂದ 60 ದಿನದೊಳಗೆ ಇಲಾಖೆ ಮೊಕದ್ದಮೆ ಹೂಡಬೇಕು ಎನ್ನುತ್ತದೆ ಕಾಯ್ದೆ, ಆದರೆ ಯೂನಿಯನ್ ಒಪ್ಪಿ ಸಹಿ ಹಾಕಿದರೆ ಆ ಗಡುವು ಮುಂದಕ್ಕೆ ಹೋಗುತ್ತದೆ. ತೀರ್ಪು ಬರುವ ತನಕ ಗೆದ್ದವರೇ ಅಧಿಕಾರದಲ್ಲಿರುತ್ತಾರೆ. ಲೋಕಲ್ ಚುನಾವಣೆ 3 ವರ್ಷಕ್ಕೊಮ್ಮೆಯಾದರೂ ನಡೆಯಬೇಕು, ಹಾಗಾಗಿ ವಿಚಾರಣೆ ಎಳೆದರೆ ಅವಧಿಯೇ ಮುಗಿದೀತು. ಆದರೂ ನಡುವೆ ಇನ್ನೊಂದು ಚುನಾವಣೆ ನಡೆದ ಮಾತ್ರಕ್ಕೆ ಮೊಕದ್ದಮೆ ಬಿದ್ದುಹೋಗುವುದಿಲ್ಲವೆಂದು 1968ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೊಕದ್ದಮೆ ಹೂಡುವುದಿಲ್ಲ ಎಂದು ಇಲಾಖೆ ತೀರ್ಮಾನಿಸಿದರೆ ಕಾರಣ ಬರೆದು ಕೊಡಬೇಕು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದಾದರೂ ಅವಕಾಶ ತೀರಾ ಕಿರಿದು.

ಲಾರಿ ಚಾಲಕರು ಮುಂತಾದವರ ಟೀಮ್‌ಸ್ಟರ್ಸ್ ಯೂನಿಯನ್‌ನ ರಾಷ್ಟ್ರಮಟ್ಟದ ಚುನಾವಣೆಯ ಜೊತೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 1989ರ ಕೋರ್ಟ್ ಒಪ್ಪಂದದಿಂದ ಹುಟ್ಟಿದ ಆ ಪದ್ಧತಿಯಲ್ಲಿ ಸ್ವತಂತ್ರ ಮೇಲ್ವಿಚಾರಕರಿದ್ದಾರೆ. ವಿಷಯ ಗೊತ್ತಾದ 2 ಕೆಲಸದ ದಿನದೊಳಗೆ ತಕರಾರು ಸಲ್ಲಬೇಕು, ತೀರ್ಪು ಪ್ರಚಾರ ನಡೆಯುತ್ತಿರುವಾಗಲೇ ಬರಬಹುದು, ತೀರ್ಪುಗಳು ಸಾರ್ವಜನಿಕವಾಗಿ ಸಿಗುತ್ತವೆ. ಹಣ ಸಂಗ್ರಹದ ಅಕ್ರಮಕ್ಕಾಗಿ 1996ರ ಚುನಾವಣೆಯನ್ನು 1997ರಲ್ಲಿ ರದ್ದು ಮಾಡಿದ್ದು ಇದೇ ಪದ್ಧತಿ. ಆದರೆ ಸಾಮಾನ್ಯ ಲೋಕಲ್‌ಗೆ ಅದು ಎಟುಕುವುದಿಲ್ಲ. ಖಾಸಗಿ ಚುನಾವಣಾ ಏಜೆನ್ಸಿಗಳಿವೆ, ಬ್ಯಾಲೆಟ್ ಅಚ್ಚು, ಅಂಚೆ, ಎಣಿಕೆ ಚೆನ್ನಾಗಿಯೇ ಮಾಡುತ್ತವೆ. ಆದರೆ ಅವರನ್ನು ನೇಮಿಸಿ ಹಣ ಕೊಡುವುದು ಕುರ್ಚಿಯಲ್ಲಿರುವ ಪದಾಧಿಕಾರಿಗಳ ಯೂನಿಯನ್ನೇ.

ಒಎಲ್‌ಎಂಎಸ್ ದೂರಿನಿಂದ ಸಿಗುವುದು ಇಲಾಖೆಯ ಮೇಲ್ವಿಚಾರಣೆಯ ಮರುಚುನಾವಣೆ. ಅದು ಕೋರ್ಟ್ ಆದೇಶದಿಂದಲೂ ಆಗಬಹುದು, ಯೂನಿಯನ್ ಜೊತೆಗಿನ ಒಪ್ಪಂದದಿಂದಲೂ ಆಗಬಹುದು. ಪರಿಹಾರ ಧನವಿಲ್ಲ, ಸೋತವರನ್ನು ನೇರವಾಗಿ ಕುರ್ಚಿಯಲ್ಲಿ ಕೂರಿಸುವುದೂ ಇಲ್ಲ. ಮರುಚುನಾವಣೆಗೆ ಮುನ್ನ ಇಲಾಖೆ ಅಭ್ಯರ್ಥಿಗಳನ್ನೂ ಯೂನಿಯನ್ ಪ್ರತಿನಿಧಿಗಳನ್ನೂ ಸಭೆಗೆ ಕರೆಯುತ್ತದೆ. ಬಹಳ ಜನ ಅಲ್ಲಿಗೆ ಬರಿಗೈಯಲ್ಲಿ ಹೋಗುತ್ತಾರೆ. ವಿಳಾಸ ಪಟ್ಟಿ ಯಾವ ದಿನಾಂಕಕ್ಕೆ ಸರಿಪಡಿಸಬೇಕು, ಅಂಚೆಪೆಟ್ಟಿಗೆಯ ಕೀಲಿ ಯಾರ ಬಳಿ ಇರಬೇಕು, ಬದಲಿ ಬ್ಯಾಲೆಟ್ ದಾಖಲೆ ಹೇಗಿರಬೇಕು ಎಂದು ಬರೆದ ಹಾಳೆಯೊಂದನ್ನು ಕೈಯಲ್ಲಿ ಹಿಡಿದೇ ಹೋಗಬೇಕು.