41ನೇ ದಿನಕ್ಕೆ ಸೊನ್ನೆ: ಸಿಗರೇಟು ಬಿಡಿಸುವ ಆ್ಯಪ್, ಆರು ತಿಂಗಳ ಬಳಕೆಯ ನಂತರ

ಮೊದಲು ಸಿಟ್ಟಿನ ವಿಷಯ ಮುಗಿಸಿಬಿಡ್ತೀನಿ. 41 ದಿನ ಸೇದದೆ ಇದ್ದು, ಯಾವುದೋ ಮದುವೆ ಛತ್ರದ ಹಿಂದೆ ಒಂದೇ ಒಂದು ಸಿಗರೇಟು ಹಚ್ಚಿ, ಅದನ್ನು ಪ್ರಾಮಾಣಿಕವಾಗಿ ಆ್ಯಪ್‌ನಲ್ಲಿ ಒತ್ತಿದಿರಿ ಅಂದುಕೊಳ್ಳಿ. 41 ಇದ್ದ ಅಂಕಿ ಆ ಕ್ಷಣಕ್ಕೇ 0. ಉಳಿತಾಯದ ದುಡ್ಡೂ 0. ಒಂದು ಕಾಗುಣಿತ ತಪ್ಪಿದ್ದಕ್ಕೆ ಮೇಷ್ಟ್ರು ಇಡೀ ಪುಟ ಹರಿದು ಹಾಕಿದ ಹಾಗೆ.

ಬೇಜಾರಿನ ಮಾತು ಹಾಗಿರಲಿ, ಇದರಿಂದ ಆ್ಯಪ್‌ನ ಲೆಕ್ಕವೇ ಕೆಡುತ್ತೆ. ಸೊನ್ನೆಗೆ ಹೆದರಿ ಮುಂದಿನ ಸಲ ಜನ 'ಇಲ್ಲ, ಸೇದಿಲ್ಲ' ಅಂತ ಒತ್ತುತ್ತಾರೆ. ಇವರಿಗೆ ಚಪಲ ತಗ್ಗಿದೆ ಅಂದುಕೊಂಡು ಆ್ಯಪ್ ಮೆಸೇಜು ಕಡಿಮೆ ಮಾಡುತ್ತೆ. ವ್ಯಕ್ತಿಗೆ ತಕ್ಕ ಹಾಗೆ ಸಲಹೆ ಕೊಡ್ತೀವಿ ಅಂತ ದುಡ್ಡು ತಗೊಂಡು, ಆ ವ್ಯಕ್ತಿ ಸುಳ್ಳು ಹೇಳಲೇಬೇಕಾದ ಗುಂಡಿ ಇಟ್ಟರೆ ಹೇಗೆ? ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ, ಅದಕ್ಕೂ ಮುಂಚೆ ಏನು ಕುಡಿದಿದ್ದಿರಿ, ಈ ನಾಲ್ಕು ಪ್ರಶ್ನೆ ಆಗ ಕೇಳಿದ್ದರೆ ಮುಂದಿನ ವಾರದ ಸಲಹೆಗೆ ಅದಕ್ಕಿಂತ ಒಳ್ಳೆ ಸರಕು ಸಿಗ್ತಿರಲಿಲ್ಲ.

ಇದನ್ನು ಸರಿಯಾಗಿ ಮಾಡಿದವರಿದ್ದಾರೆ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ನಡೆಸುವ 'ಸ್ಮೋಕ್‌ಫ್ರೀ ಟೆಕ್ಸ್ಟ್' ಎಂಬ ಉಚಿತ ಎಸ್ಸೆಮ್ಮೆಸ್ ಸೇವೆಯಲ್ಲಿ 'ಸ್ಲಿಪ್' ಅಂತ ಕಳಿಸಿದರೆ ಮತ್ತೆ ದಾರಿಗೆ ಬರುವ ಸಲಹೆ ಬರುತ್ತೆ. ಚಪಲ ಹತ್ತಿದಾಗ 'ಕ್ರೇವ್', ಮನಸ್ಸು ಕೆಟ್ಟಾಗ 'ಮೂಡ್'. ಆರರಿಂದ ಎಂಟು ವಾರದ ಕಾರ್ಯಕ್ರಮ ಅದು. ಅಲ್ಲಿನ ಮೊಬೈಲ್ ನಂಬರ್ ಇರುವ ಕನ್ನಡಿಗರು ದುಡ್ಡಿನ ಆ್ಯಪ್ ಹುಡುಕುವ ಮುಂಚೆ ಅದನ್ನು ನೋಡಿ. ಬರೀ ಮೆಸೇಜಿನಿಂದ ಏನಾಗುತ್ತೆ ಅನ್ನುವವರಿಗೆ: ಬ್ರಿಟನ್ನಿನಲ್ಲಿ 5,800 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ನಂತರ ಸೇದದೆ ಉಳಿದವರು ಸಲಹೆಯ ಮೆಸೇಜು ಬಂದವರಲ್ಲಿ 10.7%, ಬಾರದವರಲ್ಲಿ 4.9%. ಪವಾಡವೇನಲ್ಲ, ಆದರೆ ಎರಡು ಪಟ್ಟಿಗಿಂತ ಹೆಚ್ಚು.

ಸೊನ್ನೆಗೆ ಮದ್ದು ಒಂದಿದೆ. ಎಡವಿದ ದಿನ ಸೇದಿದೆ ಅನ್ನುವ ಗುಂಡಿ ಮುಟ್ಟಬೇಡಿ, 'ಚಪಲ ಬಂತು' ಅನ್ನುವುದನ್ನು ಒತ್ತಿ ತೀವ್ರತೆ 10 ಅಂತ ಹಾಕಿ, ಟಿಪ್ಪಣಿಯಲ್ಲಿ ಮೇಲಿನ ನಾಲ್ಕು ಉತ್ತರ ಬರೆಯಿರಿ. ಈಗಾಗಲೇ ಒತ್ತಿಬಿಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬಿಟ್ಟ ದಿನಾಂಕವನ್ನು ಹಳೆಯದಕ್ಕೇ ತಿದ್ದಿ, ಅಂಕಿ ವಾಪಸ್ ಬರುತ್ತೆ.

ಇಷ್ಟು ಬೈದ ಮೇಲೂ ಇದು ಫೋನಿನಲ್ಲಿ ಉಳಿದಿದೆ ಅಂದರೆ ಬೆಳಗಿನ ಮೆಸೇಜೇ ಕಾರಣ. ಶುರುವಿನಲ್ಲಿ ಒಂದು ಪ್ರಶ್ನೆ ಬರುತ್ತೆ: ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ಇದು ನಿಕೋಟಿನ್ ಚಟ ಅಳೆಯುವ ಫಾಗರ್‌ಸ್ಟ್ರಾಮ್ ಪರೀಕ್ಷೆಯ ಆರು ಪ್ರಶ್ನೆಗಳಲ್ಲಿ ಒಂದು. ಐದು ನಿಮಿಷದೊಳಗೆ ಅಂದರೆ 3 ಅಂಕ, ಅರ್ಧ ಗಂಟೆಯೊಳಗೆ ಅಂದರೆ 2, ಒಂದು ಗಂಟೆಯೊಳಗೆ 1. ನಿಕೋಟಿನ್ ಮೈಯನ್ನು ಎಷ್ಟು ಹಿಡಿದಿದೆ ಅನ್ನೋದು ಇದರಲ್ಲೇ ಚೆನ್ನಾಗಿ ಗೊತ್ತಾಗೋದು. ಎಷ್ಟೋ ಆ್ಯಪ್‌ಗಳಿಗೆ 'ವೈಯಕ್ತಿಕ ಸಲಹೆ' ಅಂದರೆ ಮೆಸೇಜಿನ ತಲೆಗೆ ನಿಮ್ಮ ಹೆಸರು ಅಂಟಿಸೋದು, ಅಷ್ಟೆ. ಇದು ಆ ಉತ್ತರ ನೋಡಿ ಮೆಸೇಜಿನ ಹೊತ್ತು ಗೊತ್ತು ಮಾಡುತ್ತೆ. ಡಿಕಾಕ್ಷನ್ ಇಳಿಯುತ್ತಿರುವಾಗಲೇ ಫೋನು ಟಿಣ್ ಅನ್ನುತ್ತೆ: ಮೊದಲು ಒಂದು ಲೋಟ ನೀರು, ಆಮೇಲೆ ಕಾಫಿ, ನಿಂತು ಕುಡಿಯುವ ಅಭ್ಯಾಸವಿದ್ದರೆ ಇವತ್ತು ಕೂತು. ಸ್ಟೀಲ್ ಲೋಟ-ಬಟ್ಟಲಲ್ಲಿ ಎತ್ತಿ ಸುರಿದು ಆರಿಸಿ ಕುಡಿಯುವವರಿಗೆ ಎರಡೂ ಕೈಗೆ ಕೆಲಸ, ಬೆರಳ ಸಂದಿಯಲ್ಲಿ ಸಿಗರೇಟಿಗೆ ಜಾಗವೇ ಇಲ್ಲ. ಒಂದು ಚಪಲದ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷದ್ದು, ಕಾಫಿ ಮುಗಿಯುವಷ್ಟರಲ್ಲಿ ಇಳಿದಿರುತ್ತೆ.

ಮೆಸೇಜು ತಡವಾಗಿ ಬಂದರೆ ಆ್ಯಪ್ ಬೈಯಬೇಡಿ. ಆಂಡ್ರಾಯ್ಡ್ ಫೋನು ಬ್ಯಾಟರಿ ಉಳಿಸಲು ಅದನ್ನು ಮಲಗಿಸಿರುತ್ತೆ. ಆ್ಯಪ್ ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ 'ಅನಿರ್ಬಂಧಿತ' ಆಯ್ಕೆ ಮಾಡಿ.

ಕಾಫಿ ಎಷ್ಟು ಕುಡಿಯುತ್ತೀರಿ ಅಂತ ಆ್ಯಪ್ ಕೇಳೋದೇ ಇಲ್ಲ, ಕೇಳಬೇಕಿತ್ತು. ಸಿಗರೇಟಿನ ಹೊಗೆ ಯಕೃತ್ತಿನಲ್ಲಿ ಕೆಫೀನ್ ಕರಗಿಸುವ ಕಿಣ್ವವನ್ನು ಚುರುಕಾಗಿಸುತ್ತೆ. ಸೇದೋದು ಬಿಟ್ಟ ಕೆಲವೇ ದಿನಗಳಲ್ಲಿ ಆ ಚುರುಕು ಇಳಿದು, ಅದೇ ನಾಲ್ಕು ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ಕೈ ನಡುಕ, ನಿದ್ದೆಗೇಡು, ಎದೆ ಡವಡವ. ಜನ ಇದನ್ನೇ ಸಿಗರೇಟು ಬಿಟ್ಟ ಸಂಕಟ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಮೊದಲ ವಾರ ಕಾಫಿ ಅರ್ಧಕ್ಕೆ ಇಳಿಸಿ. ಅಸ್ತಮಾಕ್ಕೆ ಥಿಯೋಫಿಲಿನ್ ತಗೊಳ್ಳುವವರು ಡಾಕ್ಟರಿಗೆ ಹೇಳಿಯೇ ಸಿಗರೇಟು ಬಿಡಿ, ಆ ಮಾತ್ರೆಯ ಪ್ರಮಾಣವೂ ಬದಲಾಗಬೇಕಾಗಬಹುದು.

ನಿಕೋಟಿನ್ ಗಮ್ ಬಗ್ಗೆ ಆ್ಯಪ್ ಹೇಳೋದು 'ಅಗಿಯಿರಿ' ಅಂತ ಮಾತ್ರ. ಬಬಲ್ ಗಮ್ಮಿನಂತೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಗ್ಯಾರಂಟಿ. ನಾಲಿಗೆ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಗು ಹೋದ ಮೇಲೆ ಮತ್ತೆ ಅಗಿಯಿರಿ, ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚೆಯಿಂದ ಕಾಫಿ, ಜ್ಯೂಸು ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಹೋಗಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಮೂರು ವಾರ 2ರಿಂದ 4 ಗಂಟೆಗೊಂದು, ಕೊನೆಯ ಮೂರು ವಾರ 4ರಿಂದ 8 ಗಂಟೆಗೊಂದು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಮಿಲಿಗ್ರಾಂ ಸಾಲದೇ ಇರಬಹುದು, 4ರದ್ದರ ಬಗ್ಗೆ ಡಾಕ್ಟರನ್ನು ಕೇಳಿ.

ಉಳಿತಾಯದ ಲೆಕ್ಕ ನಗು ತರಿಸುತ್ತೆ. 'ದಿನಕ್ಕೆ ಎಷ್ಟು ಪ್ಯಾಕು?' ಅಂತೆ. ಬಿಡಿಯಾಗಿ ಮಾರಬಾರದು ಅಂತ ಕರ್ನಾಟಕ ಸರ್ಕಾರ 2017ರಲ್ಲೇ ಹೇಳಿದೆ, ಗೂಡಂಗಡಿಗೆ ಮಾತ್ರ ಇನ್ನೂ ಕೇಳಿಸಿಲ್ಲ. ಪ್ಯಾಕಿನಲ್ಲಿ ಒಂದೇ ಸಿಗರೇಟು ಅಂತ ಹಾಕಿ, ಅಂಗಡಿಯವರು ಒಂದಕ್ಕೆ ತಗೊಳ್ಳುವ ಬೆಲೆ ಬರೆಯಿರಿ, ಲೆಕ್ಕ ಸರಿಹೋಗುತ್ತೆ. ಬೀಡಿಗೂ ಇದೇ ಉಪಾಯ. ಚಿಕ್ಕದು ಅಂತ ಎರಡು ಬೀಡಿಯನ್ನು ಒಂದು ಸಿಗರೇಟಾಗಿ ಎಣಿಸಬೇಡಿ. ಆರಿಹೋಗದಿರಲಿ ಅಂತ ಅದನ್ನು ಮೇಲಿಂದ ಮೇಲೆ ಎಳೆಯಬೇಕು, ಹಾಗಾಗಿ ನಿಕೋಟಿನ್ ಏನೂ ಕಡಿಮೆ ಹೋಗಲ್ಲ.

ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಕೇಂದ್ರ ಆರೋಗ್ಯ ಸಚಿವಾಲಯದ ಉಚಿತ ಕ್ವಿಟ್‌ಲೈನ್ 1800-11-2356 ಇದೆ. 2018ರ ಸೆಪ್ಟೆಂಬರಿನಿಂದ ಪ್ಯಾಕಿನ ಮೇಲೇ ಅಚ್ಚಾಗುತ್ತಿರುವ ನಂಬರ್ ಅದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲಿ ಮಾತಾಡಬಹುದು. ಮನುಷ್ಯರೊಬ್ಬರು ಆ ಕಡೆ ಇರುವುದರಿಂದ ಸೊನ್ನೆಯ ರಗಳೆ ಇಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಸೊನ್ನೆ ತೆಗೆದರೆ ನಾಲ್ಕು. ವರ್ಷದ ಚಂದಾ ಕಟ್ಟಬೇಡಿ, ತಿಂಗಳದ್ದು ತಗೊಳ್ಳಿ. ಎಂಟು ವಾರ ಕಳೆದ ಮೇಲೆ ಹಳೇ ಮೆಸೇಜುಗಳೇ ಸುತ್ತಿ ಬರುತ್ತವೆ, ಬೆಳಗಿನದಕ್ಕೆ ಅಲಾರಂ ಸಾಕು. ಮೂರನೇ ತಿಂಗಳ ದುಡ್ಡು ಕಟ್ ಆಗುವ ಮುಂಚೆ ಯುಪಿಐ ಆ್ಯಪ್‌ಗೆ ಹೋಗಿ ಆಟೋಪೇ ರದ್ದು ಮಾಡಿ. ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಅದು ನಿಲ್ಲಲ್ಲ.