ಡೈನಮೊ ಯೆಜ್ದಿಗೆ ಯಾವ ಬ್ಯಾಟರಿ? ಆಸಿಡ್, ಡ್ರೈ, ಲಿಥಿಯಂ ಮೂರನ್ನೂ ಹಾಕಿ ಓಡಿಸಿದ ಮೇಲೆ

ಯೆಜ್ದಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಹಾಸನ, ಬೇಲೂರು, ಸಕಲೇಶಪುರ ಕಡೆ ಇನ್ನೂ ಓಡ್ತಾನೇ ಇವೆ. ಕಷ್ಟ ಇರುವುದು 6 ವೋಲ್ಟ್ ಬ್ಯಾಟರಿಯದು. ಯಾವ ಅಂಗಡಿಯಲ್ಲಿ ಕೇಳಿದರೂ ಮೊದಲು ತೋರಿಸುವುದು 12 ವೋಲ್ಟಿನದೇ. ಹುಡುಕಿದರೆ ಮೂರು ಥರ ಸಿಗುತ್ತವೆ: ಆಸಿಡ್ ತುಂಬುವ ಹಳೇ ಮಾದರಿ, ಸೀಲ್ ಆಗಿರುವ ಡ್ರೈ, ಮತ್ತೆ ಲಿಥಿಯಂ. ಮೂರನ್ನೂ ನನ್ನ ಯೆಜ್ದಿಗೆ ಹಾಕಿ ಓಡಿಸಿದ್ದೇನೆ.

ಯಮಹಾ ಆರ್‌ಎಕ್ಸ್ 100ನಲ್ಲಿ ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಡೈನಮೊ ಯೆಜ್ದಿ ಹಾಗಲ್ಲ. ಎಂಜಿನ್ನಿಗೆ ಕಿಡಿ ಹೊತ್ತಿಸುವ ಪಾಯಿಂಟ್, ಕಾಯಿಲ್ ಎಲ್ಲಾ ಬ್ಯಾಟರಿ ಕರೆಂಟನ್ನೇ ನಂಬಿಕೊಂಡಿವೆ. ಗಾಡಿ ಐಡ್ಲಿಂಗ್‌ನಲ್ಲಿ ನಿಂತಾಗ ಕೆಂಪು ಚಾರ್ಜಿಂಗ್ ಲೈಟ್ ಹೊತ್ತಿಕೊಳ್ಳುತ್ತದಲ್ವಾ, ಆಗ ಡೈನಮೊ ಏನೂ ಕೊಡುತ್ತಿಲ್ಲ ಎಂದರ್ಥ. 35 ವ್ಯಾಟ್ ಹೆಡ್‌ಲೈಟ್ ಒಂದೇ ಸುಮಾರು 6 ಆಂಪಿಯರ್ ಎಳೆಯುತ್ತದೆ. ಅದರ ಮೇಲೆ ಕಾಯಿಲ್, ಹಾರ್ನ್, ಬ್ರೇಕ್ ಲೈಟ್. ಮಂಜು ಕವಿದ ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ ಇದೆಲ್ಲಾ ಒಟ್ಟಿಗೇ ಬೇಕು.

ಹಾಗಾಗಿ ಬ್ಯಾಟರಿ ಕೊಳ್ಳುವ ಮೊದಲು, ಡೈನಮೊ ಕೊಡುವ ವೋಲ್ಟೇಜನ್ನು ಹದ್ದಿನಲ್ಲಿಡುವ ಕಟೌಟ್ ನೋಡಿ. ಮಲ್ಟಿಮೀಟರನ್ನು ಬ್ಯಾಟರಿ ಟರ್ಮಿನಲ್‌ಗೆ ಇಟ್ಟು ಆಕ್ಸಿಲರೇಟರ್ ಏರಿಸಿ. 7 ವೋಲ್ಟ್ ಆಸುಪಾಸು ನಿಂತರೆ ಒಳ್ಳೇದು. 7.5 ದಾಟಿ ಹೋಗುತ್ತಿದ್ದರೆ ಮೊದಲು ಕಟೌಟ್ ರಿಪೇರಿ ಆಗಬೇಕು, ಬ್ಯಾಟರಿ ಆಮೇಲೆ.

ಡ್ರೈ ಬ್ಯಾಟರಿ ಸಿಗುವುದು ಸುಲಭ, ಬೆಲೆಯೂ ಕಮ್ಮಿ. ಎಮರ್ಜೆನ್ಸಿ ಲ್ಯಾಂಪಿಗೆ ಹಾಕುವ 4.5 ಆಂಪಿಯರ್-ಅವರ್‌ನದು ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಇರುತ್ತದೆ. ಚಿಕ್ಕದು, 10 ಸೆಂಟಿಮೀಟರ್ ಎತ್ತರ ಅಷ್ಟೇ. ಹಳೇ ಟ್ಯೂಬ್ ತುಂಡು ಸುತ್ತಿ ಕೂರಿಸಿದರೆ ಅಲ್ಲಾಡುವುದಿಲ್ಲ. ಆಸಿಡ್ ಚೆಲ್ಲುವ ಭಯ ಇಲ್ಲ. ಆದರೆ ಅದರ ಮೈಮೇಲೆ ಅಚ್ಚಾಗಿರುವುದನ್ನು ಓದಿ: ಚಾರ್ಜಿಂಗ್ ಕರೆಂಟ್ 1.35 ಆಂಪಿಯರ್ ಒಳಗಿರಬೇಕು ಅಂತ ಇರುತ್ತದೆ. ಡೈನಮೊ ಅದಕ್ಕಿಂತ ಜಾಸ್ತಿ ನೂಕಬಲ್ಲದು. ಒಳಗಿನ ನೀರು ಆರಿದರೆ ಮತ್ತೆ ಹಾಕಲು ದಾರಿಯಿಲ್ಲ, ಪಕ್ಕಗಳು ಊದಿಕೊಳ್ಳುತ್ತವೆ. ಹಗಲು ಹೊತ್ತು ಪೇಟೆ ಸುತ್ತಲು ಸಾಕು. ರಾತ್ರಿ ಪ್ರಯಾಣಕ್ಕೆ ನಾನು ನಂಬುವುದಿಲ್ಲ.

ಲಿಥಿಯಂ ನೋಡಿ ನನಗೂ ಖುಷಿಯಾಗಿತ್ತು. 3.2 ವೋಲ್ಟಿನ ಎರಡು ಐರನ್ ಫಾಸ್ಫೇಟ್ ಸೆಲ್, ಸೇರಿ 6.4. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಐಡ್ಲಿಂಗ್‌ನಲ್ಲೂ ಹೆಡ್‌ಲೈಟ್ ಚೆನ್ನಾಗಿ ಉರಿಯಿತು. ತೊಂದರೆ ಶುರುವಾಗಿದ್ದು ಸಕಲೇಶಪುರದ ಕಡೆ ಉದ್ದಕ್ಕೆ ಓಡಿಸಿದಾಗ. ವೋಲ್ಟೇಜ್ 7.3ರ ಹತ್ತಿರ ಹೋದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಚಾರ್ಜಿಂಗನ್ನು ತಡೆಯುತ್ತದೆ. ಹೆಚ್ಚಾದ ಕರೆಂಟ್ ಹೀರಿಕೊಳ್ಳಲು ಬ್ಯಾಟರಿ ಇಲ್ಲದೆ ವೋಲ್ಟೇಜ್ ಎಗರುತ್ತದೆ, ಏಟು ಬಲ್ಬಿಗೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಆಸಿಡ್ ಬ್ಯಾಟರಿ ಸೋಲುವ ಮುಂಚೆ ಹೇಳುತ್ತದೆ: ಲೈಟ್ ಡಿಮ್ ಆಗುತ್ತದೆ, ಹಾರ್ನ್ ಗೊಗ್ಗರಾಗುತ್ತದೆ. ಲಿಥಿಯಂ ಖಾಲಿಯಾದರೆ ಸರ್ಕ್ಯೂಟ್ ಒಂದೇ ಸಲಕ್ಕೆ ಕಟ್. ನಿಧಾನಕ್ಕೆ ಹೋಗುತ್ತಿದ್ದರೆ ಲೈಟೂ ಇಲ್ಲ, ಎಂಜಿನ್ನೂ ಇಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿ ಹಿಂದೆ ಟ್ಯಾಂಕರ್ ಇರುವಾಗ ಅದು ಆಗಬಾರದು.

ನನ್ನ ಗಾಡಿಯಲ್ಲಿ ಈಗ ಇರುವುದು ಆಸಿಡ್ ಬ್ಯಾಟರಿಯೇ. ಕಟೌಟ್ ಸ್ವಲ್ಪ ಹೆಚ್ಚುಕಮ್ಮಿ ಮಾಡಿದರೂ ತಡೆದುಕೊಳ್ಳುತ್ತದೆ. ನೀರು ಇಳಿದರೆ ಡಿಸ್ಟಿಲ್ಡ್ ವಾಟರ್ ಹಾಕಿದರಾಯಿತು. ಆಸಿಡ್ ಹಾಕದೆ ಒಣಗಿರುವಂಥದ್ದನ್ನೇ ಕೇಳಿ ತನ್ನಿ. ಆಸಿಡ್ ತುಂಬಿ ಅರ್ಧ ಗಂಟೆ ಬಿಡಿ. ಆಮೇಲೆ ನಿಧಾನವಾಗಿ ಚಾರ್ಜ್ ಮಾಡಿ, 14 ಆಂಪಿಯರ್-ಅವರ್‌ನದಕ್ಕೆ 1.4 ಆಂಪಿಯರ್ ಸಾಕು. ಅಂಗಡಿಯಲ್ಲಿ ತುಂಬಿ ತಕ್ಷಣ ಗಾಡಿಗೆ ಸಿಕ್ಕಿಸಿ ಕಳಿಸುತ್ತಾರೆ. ಒಪ್ಪಬೇಡಿ, ಬ್ಯಾಟರಿಯ ಆಯಸ್ಸು ಅಲ್ಲೇ ಅರ್ಧ ಹೋಗುತ್ತದೆ. ಫುಲ್ ಚಾರ್ಜ್ ಆಗಿ ತಣ್ಣಗಾದ ಮೇಲೆ 6.3 ವೋಲ್ಟಿಗಿಂತ ಮೇಲಿರಬೇಕು, ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರೂ ಸೆಲ್ಲಿನಲ್ಲಿ 1.260 ದಾಟಬೇಕು. ಒಂದು ಸೆಲ್ ಮಾತ್ರ ಕೆಳಗಿದ್ದರೆ ಬೇರೆ ಬ್ಯಾಟರಿ ಕೇಳಿ.

ಇದಕ್ಕೆ ಕೆಲಸ ಜಾಸ್ತಿ, ಅದು ನಿಜ. ಬ್ಯಾಟರಿಯ ಆಸಿಡ್ ಆವಿ ಹೊರಹೋಗುವ ಗಾಳಿ ಕೊಳವೆ ಫ್ರೇಮಿಗೆ ತಾಗದಂತೆ ಕೆಳಗಿನವರೆಗೂ ಬಿಡಬೇಕು, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ಮಳೆಗಾಲದ ಥಂಡಿಗೆ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟುತ್ತದೆ. ವೈರ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ಒರೆಸಿ, ವ್ಯಾಸಲಿನ್ ಹಚ್ಚಿ. ಸೋಡಾ ನೀರು ಸೆಲ್ ಒಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯನ್ನು ಶೆಡ್ಡಿನಲ್ಲೇ ಬಿಡುವ ತೋಟದವರಿಗೆ ಮಾತ್ರ ನಾನು ಡ್ರೈ ಬ್ಯಾಟರಿ ಹೇಳುತ್ತೇನೆ. ವೈರ್ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಸಾಕು. ಕಟೌಟ್ ತೆಗೆದು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿದವರು ಲಿಥಿಯಂ ಯೋಚಿಸಬಹುದು, ಅದೂ 7.2 ವೋಲ್ಟ್ ದಾಟುವುದಿಲ್ಲ ಎಂದು ಮೀಟರಿನಲ್ಲಿ ನೋಡಿಕೊಂಡ ಮೇಲೆ.